ಎದುರಾಗುವ ಮುನ್ನ

ಸಹ್ಯಾದ್ರಿಯ ಸೆರಗಿನಲ್ಲಿ ಕಾಡು ಎಲ್ಲಿ ಮುಗಿಯಿತು, ಊರು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಕೊಡಗಿನ ಕಾಫಿ ಗಿಡಗಳ ಮೇಲೆ ಕಾಡುಮರಗಳ ನೆರಳಿದೆ. ಆ ಮರಗಳ ನಡುವೆ ಹಲಸು ಹಣ್ಣಾದರೆ ಆನೆ ಬರುತ್ತದೆ. ಮಲೆನಾಡಿನ ಅಡಿಕೆ ತೋಟಕ್ಕೆ ತಾಗಿಕೊಂಡೇ ಸೊಪ್ಪಿನ ಬೆಟ್ಟವಿದೆ. ಅಲ್ಲಿ ಕಾಟಿಗಳು ಮೇಯುತ್ತವೆ. ಕುದುರೆಮುಖದಲ್ಲೋ ತಡಿಯಂಡಮೋಳ್‌ನಲ್ಲೋ ಚಾರಣಿಗರು ತುಳಿಯುವ ಏಣುಗಳ ಮೇಲೆಯೇ ಪ್ರಾಣಿಗಳೂ ಓಡಾಡುತ್ತವೆ, ಏಕೆಂದರೆ ಕಡಿದಾದ ಇಳಿಜಾರಿನಲ್ಲಿ ಸುಲಭದ ದಾರಿ ಇಬ್ಬರಿಗೂ ಒಂದೇ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 6,395 ಆನೆಗಳಿದ್ದವು. ಚಿರತೆ, ಕರಡಿ, ಕಾಟಿ, ಹಂದಿಗಳ ಮಾತು ಬೇರೆ. ಇಷ್ಟು ಪ್ರಾಣಿಗಳ ನಡುವೆ ಲಕ್ಷಾಂತರ ಜನ ದಿನವೂ ತೋಟಕ್ಕೆ, ಶಾಲೆಗೆ, ಸಂತೆಗೆ ನಡೆದು ಹೋಗುತ್ತಾರೆ. ಬಹುಪಾಲು ದಿನಗಳಲ್ಲಿ ಯಾರಿಗೂ ಏನೂ ಆಗುವುದಿಲ್ಲ. ಹಾಗಿದ್ದರೂ ಒಂದು ಸಾವು ಸಂಭವಿಸಿದ ಕೂಡಲೇ ಎರಡು ದನಿಗಳು ಏಳುತ್ತವೆ. ಪ್ರಾಣಿಗಳು ಹೆಚ್ಚಾಗಿವೆ, ಹಿಡಿದು ಸಾಗಿಸಿ ಎಂಬುದು ಒಂದು. ಮನುಷ್ಯ ಕಾಡಿಗೆ ನುಗ್ಗಿದ್ದರ ಫಲ ಇದು, ಅನುಭವಿಸಲಿ ಎಂಬುದು ಇನ್ನೊಂದು. ಎರಡೂ ದನಿಗಳು ಆ ಸಾವು ಹೇಗೆ ಆಯಿತು ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕೇಳಿದರೆ ಸಿಗುವ ಉತ್ತರ ಬಹಳ ಸಲ ಒಂದೇ ಬಗೆಯದು: ಒಬ್ಬರ ಇರವು ಇನ್ನೊಬ್ಬರಿಗೆ ತಿಳಿಯದೆ, ತೀರ ಹತ್ತಿರದಲ್ಲಿ, ಇಬ್ಬರೂ ಏಕಾಏಕಿ ಎದುರಾದರು. ಬೆಟ್ಟಸೀಮೆಯ ಅನಾಹುತಗಳ ಮುಖ್ಯ ಕಾರಣ ಈ ಅರಿಯದ ಸಾಮೀಪ್ಯ. ಅದನ್ನು ತಪ್ಪಿಸುವ ದಾರಿ, ಎದುರಾಗುವ ಮುನ್ನವೇ ಎರಡೂ ಕಡೆಗೆ ಸುದ್ದಿ ಮುಟ್ಟಿಸುವುದು. ಈ ಅಧ್ಯಾಯದ ವಾದ ಇಷ್ಟೇ; ಅದಕ್ಕೆ ಆಧಾರಗಳೇನು, ಆಕ್ಷೇಪಗಳೇನು ಎಂಬುದನ್ನು ಒಂದೊಂದಾಗಿ ನೋಡೋಣ.

ಪ್ರಾಣಿಯ ನಡತೆಯನ್ನು ಅಂತರದ ಲೆಕ್ಕದಲ್ಲಿ ಅಳೆಯಬಹುದೆಂದು ಮೊದಲು ಸ್ಪಷ್ಟವಾಗಿ ಹೇಳಿದವರು ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್. ಬರ್ನ್, ಬಾಸೆಲ್, ಜೂರಿಕ್ ಮೃಗಾಲಯಗಳನ್ನು ನಡೆಸಿದ ಅವರು ಪ್ರತಿ ಪ್ರಾಣಿಯ ಸುತ್ತ ಕಣ್ಣಿಗೆ ಕಾಣದ ಎರಡು ವರ್ತುಲಗಳಿರುವುದನ್ನು ಗುರುತಿಸಿದರು. ಹೊರಗಿನದು ಪಲಾಯನದ ಅಂತರ: ಅದನ್ನು ದಾಟಿ ಒಳಗೆ ಬಂದರೆ ಪ್ರಾಣಿ ಎದ್ದು ಹೋಗುತ್ತದೆ. ಒಳಗಿನದು ನಿರ್ಣಾಯಕ ಅಂತರ: ಅಷ್ಟು ಹತ್ತಿರ ಬಂದಮೇಲೆ ಓಡಲು ಹೊತ್ತಿಲ್ಲ ಅಥವಾ ದಾರಿಯಿಲ್ಲ ಎಂದು ಕಂಡರೆ ಅದು ತಿರುಗಿಬೀಳುತ್ತದೆ. 1986ರಲ್ಲಿ ರೊನಾಲ್ಡ್ ಯಿಡೆನ್‌ಬರ್ಗ್ ಮತ್ತು ಲಾರೆನ್ಸ್ ಡಿಲ್ ಎಂಬ ಕೆನಡಾದ ವಿಜ್ಞಾನಿಗಳು ಈ ನಡತೆಯ ಹಿಂದೆ ಲಾಭನಷ್ಟದ ತರ್ಕವಿದೆ ಎಂದು ವಾದಿಸಿದರು. ಓಡಿಹೋಗುವುದು ಪುಕ್ಕಟೆಯಲ್ಲ, ಮೇಯುತ್ತಿದ್ದ ಹುಲ್ಲು ಬಿಟ್ಟುಹೋಗುತ್ತದೆ, ಮೈಯ ಕಸುವು ಖರ್ಚಾಗುತ್ತದೆ, ಮರಿ ಹಿಂದುಳಿಯಬಹುದು. ನಿಲ್ಲುವುದರಲ್ಲೂ ಅಪಾಯವಿದೆ, ಎದುರಿನವನು ಹತ್ತಿರವಾದಷ್ಟೂ ಅದು ಏರುತ್ತದೆ. ಈ ಎರಡು ಸಮವಾಗುವ ದೂರದಲ್ಲಿ ಪ್ರಾಣಿ ಕಾಲುಕೀಳುತ್ತದೆ. ಹಾಗಾದರೆ ಪ್ರಾಣಿಗೆ ನಾವು ಕೊಡಬಹುದಾದ ಅತಿ ದೊಡ್ಡ ಅನುಕೂಲ ಯಾವುದು ಎಂಬುದೂ ಸ್ಪಷ್ಟ: ಹೊರ ವರ್ತುಲದ ಆಚೆ ಇರುವಾಗಲೇ ನಾವು ಬರುತ್ತಿರುವುದು ಅದಕ್ಕೆ ತಿಳಿಯಬೇಕು. ತಿಳಿದರೆ ಅದು ತನ್ನ ಲೆಕ್ಕ ಹಾಕಿಕೊಂಡು ಸರಿಯುತ್ತದೆ. ತಿಳಿಯದೆ ನಾವು ನೇರವಾಗಿ ಒಳ ವರ್ತುಲದಲ್ಲೇ ಪ್ರತ್ಯಕ್ಷವಾದರೆ ಲೆಕ್ಕ ಹಾಕಲು ಅದಕ್ಕೆ ಅವಕಾಶವೇ ಇರುವುದಿಲ್ಲ.

ಪ್ರಾಣಿ ನಿಜವಾಗಿಯೂ ಸರಿದುಹೋಗಲು ಬಯಸುತ್ತದೆಯೇ? ಈ ಪ್ರಶ್ನೆಗೆ ಇತ್ತೀಚಿನ ವರ್ಷಗಳಲ್ಲಿ ಗಟ್ಟಿ ಪುರಾವೆ ಸಿಕ್ಕಿದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ನೀರುಗುಂಡಿಗಳ ಬಳಿ ಲಿಯಾನಾ ಜ್ಯಾನೆಟ್ ಮತ್ತು ಸಂಗಡಿಗರು ಕ್ಯಾಮೆರಾ ಹಾಗೂ ಸ್ಪೀಕರ್ ಕಟ್ಟಿ, ನೀರಿಗೆ ಬಂದ ಪ್ರಾಣಿಗಳಿಗೆ ಕೆಲವೊಮ್ಮೆ ಸಿಂಹದ ಗುರುಗುಟ್ಟುವಿಕೆಯನ್ನೂ ಕೆಲವೊಮ್ಮೆ ಮನುಷ್ಯರ ಮಾತನ್ನೂ ಕೇಳಿಸಿದರು. ಮಾತು ಎಂದರೆ ಕೂಗಾಟವಲ್ಲ, ಸ್ಥಳೀಯ ಭಾಷೆಗಳ ಸಾಧಾರಣ ಸಂಭಾಷಣೆ. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಗಮನಿಸಿದ 19 ಜಾತಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಿಂಹಕ್ಕಿಂತ ಮನುಷ್ಯನ ಮಾತಿಗೇ ಹೆಚ್ಚು ಬೆದರಿ ನೀರು ಬಿಟ್ಟು ಹೋದವು. ಇನ್ನೊಂದು ಪುರಾವೆ ಗಡಿಯಾರದ್ದು. ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು ಆರು ಖಂಡಗಳ 62 ಜಾತಿಯ ಸ್ತನಿಗಳ ಮೇಲೆ ನಡೆದ 76 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ತೋರಿಸಿದ್ದು ಇದು: ಮನುಷ್ಯರ ಓಡಾಟ ಹೆಚ್ಚಿದ ಕಡೆ ಪ್ರಾಣಿಗಳ ರಾತ್ರಿಯ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚುತ್ತದೆ. ಹಗಲು ಅರ್ಧ, ಇರುಳು ಅರ್ಧ ಓಡಾಡುತ್ತಿದ್ದ ಪ್ರಾಣಿ ತನ್ನ ಓಡಾಟದ ಶೇ 68ರಷ್ಟನ್ನು ಇರುಳಿಗೆ ತಳ್ಳಿಕೊಂಡಿದೆ ಎಂದು ಇದರರ್ಥ. ನಮ್ಮದೇ ಸಹ್ಯಾದ್ರಿಯ ಪೂರ್ವದ ತಪ್ಪಲಲ್ಲಿ, ಮಹಾರಾಷ್ಟ್ರದ ಅಕೋಲೆ ಕಣಿವೆಯ ಕಬ್ಬಿನ ಗದ್ದೆಗಳ ನಡುವೆ ವಿದ್ಯಾ ಅತ್ರೇಯ ನಡೆಸಿದ ಅಧ್ಯಯನದಲ್ಲಿ 100 ಚದರ ಕಿಲೋಮೀಟರಿಗೆ ಐದರ ಹತ್ತಿರ ಚಿರತೆಗಳಿರುವುದು ಕ್ಯಾಮೆರಾಗಳಿಂದ ಗೊತ್ತಾಯಿತು. ಅಲ್ಲಿ ಒಂದು ಚದರ ಕಿಲೋಮೀಟರಿನಲ್ಲಿ 300ಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ಹಗಲಿಡೀ ಕಬ್ಬಿನೊಳಗೆ ಮಲಗಿದ್ದು, ಊರು ಮಲಗಿದ ಮೇಲೆ ನಾಯಿ, ಮೇಕೆಗಳಿಗಾಗಿ ಹೊರಬೀಳುವ ಈ ಚಿರತೆಗಳು ಜನರ ಕಣ್ಣಿಗೆ ಬೀಳದಂತೆ ಬದುಕುವುದನ್ನು ಕಲಿತಿವೆ. ಕ್ರೌರ್ಯವೇ ಅವುಗಳ ಸ್ವಭಾವವಾಗಿದ್ದರೆ ಅಲ್ಲಿ ದಿನಕ್ಕೊಂದು ಹೆಣ ಬೀಳಬೇಕಿತ್ತು.

ಹಾಗಾದರೆ ಸರಿದುಹೋಗಬಯಸುವ ಪ್ರಾಣಿ ಬೆಟ್ಟದಲ್ಲಿ ಏಕೆ ಎದುರಾಗುತ್ತದೆ? ಬಯಲಿಗಿಂತ ಬೆಟ್ಟದಲ್ಲಿ ಸುದ್ದಿ ಮುಟ್ಟುವ ದಾರಿಗಳು ಮುಚ್ಚಿಹೋಗುವುದೇ ಇದಕ್ಕೆ ಕಾರಣ. ಮೊದಲನೆಯದು ನೋಟ. ಹಾದಿ ಹತ್ತು ಹೆಜ್ಜೆಗೊಮ್ಮೆ ತಿರುಗುತ್ತದೆ. ಲಂಟಾನ, ಕಾಫಿ ಗಿಡ, ಕುರುಚಲು ಹಳು ಮೈಗೆ ಮೈ ತಾಗುವಷ್ಟು ಒತ್ತಿಕೊಂಡಿರುತ್ತವೆ. ಎರಡನೆಯದು ಸದ್ದು. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಮಳೆಯ ಆರ್ಭಟದಲ್ಲಿ, ಹಳ್ಳ ದಾಟುವ ಜಾಗದಲ್ಲಿ ಹೆಜ್ಜೆಯ ಸಪ್ಪಳವೂ ಮಾತೂ ಮುಳುಗಿಹೋಗುತ್ತವೆ. ನೀರಿಗೆ ಬರುವ ಪ್ರಾಣಿ ಇರುವುದೂ ಅದೇ ಹಳ್ಳದಲ್ಲಿ. ಮೂರನೆಯದು, ಜನ ಗಮನಿಸದೆ ಬಿಡುವ ಆದರೆ ಪ್ರಾಣಿಗೆ ಎಲ್ಲಕ್ಕಿಂತ ಮುಖ್ಯವಾದ, ವಾಸನೆ. ಆಫ್ರಿಕಾದ ಆನೆಯಲ್ಲಿ ವಾಸನೆ ಹಿಡಿಯುವ ವಂಶವಾಹಿಗಳು 2,000ದ ಹತ್ತಿರ ಇವೆ. ಅದು ನಾಯಿಯ ಎರಡು ಪಟ್ಟಿಗೂ, ಮನುಷ್ಯನ ಸುಮಾರು ಐದು ಪಟ್ಟಿಗೂ ಸಮ. ಕಣ್ಣು ಮಂದವಾದ ಆನೆ ಲೋಕವನ್ನು ಓದುವುದು ಸೊಂಡಿಲಿನಿಂದ. ಆದರೆ ವಾಸನೆ ಗಾಳಿಯ ಬೆನ್ನೇರಿ ಹೋಗುತ್ತದೆ, ಬೆಟ್ಟದ ಗಾಳಿಗೆ ತನ್ನದೇ ದಿನಚರಿಯಿದೆ. ಬಿಸಿಲೇರಿದಂತೆ ಇಳಿಜಾರಿನ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಹಗುರಾಗಿ ಕಣಿವೆಯಿಂದ ಶಿಖರದ ಕಡೆಗೆ ಏರುತ್ತದೆ. ಹೊತ್ತು ಮುಳುಗಿದ ಮೇಲೆ ನೆಲ ತಣಿದು, ತಣ್ಣನೆಯ ಭಾರದ ಗಾಳಿ ಕೆಳಕ್ಕೆ ಜಾರುತ್ತದೆ. ಆದ್ದರಿಂದ ಹಗಲಲ್ಲಿ ಬೆಟ್ಟ ಹತ್ತುವವನ ವಾಸನೆ ಅವನಿಗಿಂತ ಮೊದಲೇ ಮೇಲೆ ಹೋಗಿ ಸುದ್ದಿ ಹೇಳಿರುತ್ತದೆ. ಅದೇ ಹಗಲಲ್ಲಿ ಬೆಟ್ಟ ಇಳಿಯುವವನ ವಾಸನೆ ಬೆನ್ನ ಹಿಂದಕ್ಕೆ ಹೋಗುತ್ತದೆ. ಮುಂದಿನ ತಿರುವಿನಲ್ಲಿ ನಿಂತ ಪ್ರಾಣಿಗೆ ಅವನು ಬರುವುದು ಗೊತ್ತೇ ಆಗುವುದಿಲ್ಲ. ಶಿಖರ ಮುಟ್ಟಿದ ಸಂತೋಷದಲ್ಲಿ ಮೈಮರೆತು ದಡದಡ ಇಳಿಯುವ ಹೊತ್ತೇ ಈ ಲೆಕ್ಕದಲ್ಲಿ ಹೆಚ್ಚು ಅಪಾಯದ ಹೊತ್ತು. ಮುಂಗಾರಿನಲ್ಲಿ ಪಡುವಣ ಗಾಳಿಯ ಅಬ್ಬರ ಈ ದಿನಚರಿಯನ್ನು ಅಳಿಸಿಹಾಕುತ್ತದೆ. ಆಗ ಗಾಳಿ ಮುಖಕ್ಕೆ ಬಡಿಯುತ್ತಿದೆಯೋ ಬೆನ್ನಿಗೋ ಎಂಬುದನ್ನೇ ನೋಡಿಕೊಳ್ಳಬೇಕು. ಮುಖಕ್ಕೆ ಬಡಿಯುತ್ತಿದ್ದರೆ ಬಾಯಿಂದ ಸದ್ದು ಮಾಡುವ ಹೊಣೆ ನಡೆಯುವವನದು.

ಅರಿಯದ ಸಾಮೀಪ್ಯ ಎಷ್ಟು ಅಪಾಯಕಾರಿ ಎಂಬುದನ್ನು ಕರಡಿಯಷ್ಟು ಸ್ಪಷ್ಟವಾಗಿ ಇನ್ನಾವ ಪ್ರಾಣಿಯೂ ತೋರಿಸುವುದಿಲ್ಲ. ನಮ್ಮ ಕರಡಿ ಹುತ್ತ ಒಡೆಯುವುದನ್ನು ಹತ್ತಿರದಿಂದ ಕಲ್ಪಿಸಿಕೊಳ್ಳಿ. ಬಾಗಿದ ಉದ್ದ ಉಗುರುಗಳಿಂದ ಗಟ್ಟಿ ಮಣ್ಣನ್ನು ಕೆದರಿ ತೂತು ಮಾಡಿ ಮೂತಿಯನ್ನು ಒಳಗೆ ತೂರಿಸುತ್ತದೆ. ಮೊದಲು ಉಫ್ ಎಂದು ಊದಿ ಮಣ್ಣಿನ ಪುಡಿಯನ್ನು ಚದುರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಜೋಲುತುಟಿಗಳನ್ನು ಕೊಳವೆಯಂತೆ ಚಾಚಿ, ಗೆದ್ದಲುಗಳನ್ನು ಒಳಕ್ಕೆ ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಇಲ್ಲದಿರುವುದೇ ಈ ಹೀರುವಿಕೆಗೆ ದಾರಿ. ಈ ಊದಿ ಹೀರುವ ಸದ್ದು ನೂರು ಮೀಟರಿಗೂ ಆಚೆ ಕೇಳಿಸುವಷ್ಟು ಜೋರು. ಮೂತಿ ಮಣ್ಣಿನಲ್ಲಿ, ಕಣ್ಣು ಮೊದಲೇ ಮಂದ, ಕಿವಿಯಲ್ಲಿ ತನ್ನದೇ ಸದ್ದು. ಆ ಗಳಿಗೆಯಲ್ಲಿ ಹಿಂದಿನಿಂದ ಬಂದ ಮನುಷ್ಯ ಕರಡಿಯ ಪಾಲಿಗೆ ನೆಲದಿಂದ ಎದ್ದವನಂತೆ ಒಮ್ಮೆಲೇ ಕಾಣುತ್ತಾನೆ. ಕರಡಿ ಓಡಬಹುದಲ್ಲ? ಇಲ್ಲಿ ಅದರ ಪೂರ್ವಜರ ಇತಿಹಾಸ ಅಡ್ಡ ಬರುತ್ತದೆ. ಕೆನಡಾದ ಸ್ಟೀಫನ್ ಹೆರೆರೊ ಉತ್ತರ ಅಮೆರಿಕದ ಎರಡು ಕರಡಿಗಳನ್ನು ಹೋಲಿಸಿ ಒಂದು ವಾದ ಮುಂದಿಟ್ಟರು. ದಟ್ಟ ಕಾಡಿನಲ್ಲಿ ವಿಕಾಸಗೊಂಡ ಅಮೆರಿಕನ್ ಕಪ್ಪು ಕರಡಿ ಅಪಾಯ ಬಂದರೆ ಮರ ಹತ್ತಿ ಪಾರಾಗುತ್ತದೆ. ಮರಗಳಿಲ್ಲದ ಬಯಲಲ್ಲಿ ವಿಕಾಸಗೊಂಡ ಗ್ರಿಜ್ಲಿಗೆ ಹತ್ತಲು ಮರವಿಲ್ಲ; ಮರಿ ಉಳಿಸಿಕೊಳ್ಳಲು ಅದು ನಿಂತು ಕಾದಾಡಬೇಕು. ನಮ್ಮ ಕರಡಿಗೂ ಇದೇ ತರ್ಕ ಹೊಂದುತ್ತದೆ. ನೆಲದ ಮೇಲೆ ಹುಲಿ, ಮರ ಹತ್ತಿದರೆ ಅಲ್ಲಿಗೂ ಬರುವ ಚಿರತೆ. ಎರಡರ ನಡುವೆ ಬದುಕಿಬಂದ ಪ್ರಾಣಿಗೆ ಮೊದಲ ಏಟು ಕೊಟ್ಟು ಬಿಡಿಸಿಕೊಳ್ಳುವುದೇ ಉಳಿದ ಉಪಾಯ. ಬೆನ್ನ ಮೇಲೆ ಮರಿ ಹೊತ್ತು ತಿರುಗುವ ತಾಯಿಯಾದರಂತೂ ಹೇಳುವುದೇ ಬೇಡ. ಬಳ್ಳಾರಿ, ಕೊಪ್ಪಳ, ತುಮಕೂರಿನ ಕಲ್ಲುಬೆಟ್ಟಗಳಲ್ಲಿ ನಸುಕಿನಲ್ಲಿ ಹೊಲಕ್ಕೆ, ಬಹಿರ್ದೆಸೆಗೆ ಹೋದವರು ಕರಡಿಯ ಕೈಗೆ ಸಿಕ್ಕು ಮುಖ, ತಲೆಗೆ ಗಾಯ ಮಾಡಿಕೊಳ್ಳುವುದರ ಹಿಂದೆ ಇರುವುದು ಈ ಭಯ. ಕರಡಿ ಅವರನ್ನು ತಿನ್ನಲು ಬಂದಿರಲಿಲ್ಲ.

ಆನೆಯ ವಿಷಯದಲ್ಲಿ ಅಂತರದ ಬೆಲೆಯನ್ನು ಸೆಕೆಂಡುಗಳಲ್ಲೇ ಲೆಕ್ಕ ಹಾಕಬಹುದು. ಥಾಯ್ಲೆಂಡಿನ ಆನೆಗಳನ್ನು ಅಳೆದು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವುಗಳ ಗರಿಷ್ಠ ವೇಗ ಗಂಟೆಗೆ ಸುಮಾರು 25 ಕಿ.ಮೀ. ಎಂದು ಕಂಡುಬಂತು, ಸೆಕೆಂಡಿಗೆ 7 ಮೀಟರ್. ಏರುಪೇರಿನ ಹಾದಿಯಲ್ಲಿ, ಬೇರು, ಕಲ್ಲು ಎಡವುತ್ತ ಓಡುವ ಸಾಮಾನ್ಯ ಮನುಷ್ಯ ಸೆಕೆಂಡಿಗೆ 3 ಮೀಟರ್ ಓಡಿದರೆ ಹೆಚ್ಚು. ಇಬ್ಬರ ನಡುವೆ 30 ಮೀಟರ್ ಇದ್ದಾಗ ಆನೆ ನುಗ್ಗಿದರೆ ಮನುಷ್ಯನಿಗೆ ಸಿಗುವುದು ಏಳೆಂಟು ಸೆಕೆಂಡು. ಅಷ್ಟರಲ್ಲಿ ಅವನು ದಾಟಬಲ್ಲದ್ದು ಇಪ್ಪತ್ತು ಚಿಲ್ಲರೆ ಮೀಟರ್. ಅದೇ 150 ಮೀಟರ್ ಅಂತರವಿದ್ದರೆ ಅರ್ಧ ನಿಮಿಷಕ್ಕೂ ಹೆಚ್ಚು ಸಮಯ ಸಿಗುತ್ತದೆ, ಅಷ್ಟು ದೂರದಿಂದ ಆನೆ ನುಗ್ಗುವ ಪ್ರಮೇಯವೂ ಕಡಿಮೆ. ಈ ಲೆಕ್ಕ ಕಾಗದದ ಮೇಲಿನದಷ್ಟೇ ಅಲ್ಲ. ಅದರ ಪರೀಕ್ಷೆ ತಮಿಳುನಾಡಿನ ಆನೆಮಲೆ ಬೆಟ್ಟಗಳ ವಾಲ್ಪಾರೈನಲ್ಲಿ ನಡೆದಿದೆ. ಸುತ್ತ ರಕ್ಷಿತ ಕಾಡು, ನಡುವೆ ಸುಮಾರು 220 ಚದರ ಕಿಲೋಮೀಟರ್ ಚಹಾ, ಕಾಫಿ ತೋಟ. ಅದರೊಳಗೆ ಹತ್ತಾರು ಸಾವಿರ ಜನ ಮತ್ತು ಬಂದುಹೋಗುವ ಆನೆಗಳು. ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಎಂ. ಆನಂದಕುಮಾರ್ ಮತ್ತು ಸಂಗಡಿಗರು ಅಲ್ಲಿನ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಸತ್ತವರಲ್ಲಿ ಬಹುಪಾಲು ಜನರಿಗೆ ಆನೆ ಅಲ್ಲಿರುವುದೇ ಗೊತ್ತಿರಲಿಲ್ಲ ಎಂಬುದು ಬೆಳಕಿಗೆ ಬಂತು. ಆದ್ದರಿಂದ ಅವರು ಕೈಗೊಂಡದ್ದು ಸುದ್ದಿ ಮುಟ್ಟಿಸುವ ಕೆಲಸ. ಸಂಜೆ ಆನೆಗಳು ಎಲ್ಲಿವೆ ಎಂಬುದು ಸ್ಥಳೀಯ ಕೇಬಲ್ ಟಿವಿಯ ಪರದೆಯ ಕೆಳಗೆ ಸಾಗುತ್ತಿತ್ತು. ಆ ಪ್ರದೇಶದ ಜನರ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ಎತ್ತರದ ಜಾಗಗಳಲ್ಲಿ ನಿಲ್ಲಿಸಿದ ಕೆಂಪು ದೀಪಗಳನ್ನು ಊರವರೇ ಮೊಬೈಲಿನಿಂದ ಹೊತ್ತಿಸಬಹುದಿತ್ತು. ಯೋಜನೆಯಲ್ಲಿ ಆನೆ ಹಿಡಿಯುವ ಅಥವಾ ಓಡಿಸುವ ಭಾಗ ಇರಲಿಲ್ಲ. ಆದರೂ ವರ್ಷಕ್ಕೆ ಸರಾಸರಿ ಮೂರರಷ್ಟಿದ್ದ ಸಾವು ಒಂದರ ಆಸುಪಾಸಿಗೆ ಇಳಿಯಿತು. 2015ರಲ್ಲಿ ಈ ಕೆಲಸಕ್ಕೆ ವಿಟ್ಲಿ ಪ್ರಶಸ್ತಿ ಬಂತು. ಮುಂದೆ ಇದೇ ಮಾದರಿ ನಮ್ಮ ಹಾಸನ ಜಿಲ್ಲೆಗೂ ಬಂತು. ಅರಿಯದ ಸಾಮೀಪ್ಯವೇ ಕಾರಣ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ: ಜನರಿಗೆ ಅರಿವು ಕೊಟ್ಟದ್ದರಿಂದಲೇ ಸಾವು ಇಳಿದಿದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಎಲ್ಲ ದಾಳಿಯೂ ಗಾಬರಿಯಿಂದ ಆಗುವುದಲ್ಲವಲ್ಲ, ಮನುಷ್ಯನನ್ನೇ ಬೇಟೆಯೆಂದು ಬೆನ್ನಟ್ಟುವ ಪ್ರಾಣಿಗಳೂ ಇವೆಯಲ್ಲ? ಇವೆ. ಗಢವಾಲದ ರುದ್ರಪ್ರಯಾಗದ ಚಿರತೆ 1926ರಲ್ಲಿ ಜಿಮ್ ಕಾರ್ಬೆಟ್ ಕೈಯಲ್ಲಿ ಸಾಯುವ ಮೊದಲು, ದಾಖಲೆಗಳ ಪ್ರಕಾರ, 125 ಜನರನ್ನು ಕೊಂದಿತ್ತು. ಉತ್ತರ ಅಮೆರಿಕದ ಕಪ್ಪು ಕರಡಿಗಳ ಬಗ್ಗೆ ಹೆರೆರೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಮುಖ್ಯವಾದದ್ದು. 1900ರಿಂದ 2009ರವರೆಗೆ ಅವು ಕೊಂದ 63 ಜನರ ಪ್ರಕರಣಗಳಲ್ಲಿ ಶೇ 88ರಷ್ಟು ಬೇಟೆಯ ಉದ್ದೇಶದ ದಾಳಿಗಳೆಂದು ಅವರು ತೀರ್ಮಾನಿಸಿದರು. ಆದರೆ 63 ಸಾವು 110 ವರ್ಷಗಳದ್ದು ಎಂಬುದನ್ನು ಮರೆಯಬಾರದು. ಅಷ್ಟು ದೊಡ್ಡ ಖಂಡದಲ್ಲಿ ಅಷ್ಟು ವರ್ಷ ಕರಡಿ ಮತ್ತು ಮನುಷ್ಯರು ಎಷ್ಟು ಸಲ ಎದುರಾಗಿರಬಹುದೋ ಲೆಕ್ಕವೇ ಇಲ್ಲ. ಬೇಟೆಯಾಡುವ ಪ್ರಾಣಿ ಅಪವಾದ. ಅಪವಾದಕ್ಕೆ ಬೇರೆ ನಿಯಮ ಬೇಕು: ಅದು ಗುಟುರು ಹಾಕುವುದಿಲ್ಲ, ಹೆದರಿಸಿ ನಿಲ್ಲುವುದಿಲ್ಲ, ಸದ್ದಿಲ್ಲದೆ ಹಿಂಬಾಲಿಸುತ್ತದೆ, ಅದರೆದುರು ಮಲಗಿ ಸತ್ತಂತೆ ನಟಿಸುವುದು ಮೂರ್ಖತನ, ಕೈಲಾದಷ್ಟು ಎದುರಿಸಲೇಬೇಕು. ಊರಿನ ಅಂಚಿನಲ್ಲಿ ಒಂದು ಹುಲಿಯೋ ಚಿರತೆಯೋ ಮತ್ತೆಮತ್ತೆ ಜನರನ್ನು ಕೊಲ್ಲುತ್ತಿದ್ದರೆ ಆ ಒಂದು ಪ್ರಾಣಿಯನ್ನು ಗುರುತಿಸಿ ತೆಗೆಯುವುದು ಸರ್ಕಾರದ ಕರ್ತವ್ಯ. ಆದರೆ ಅಪವಾದವನ್ನೇ ನಿಯಮವೆಂದು ತಿಳಿದು ಎಲ್ಲ ಚಿರತೆಯನ್ನೂ ನರಭಕ್ಷಕನೆಂದು ಕಾಣತೊಡಗಿದರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ.

ಆ ಪುರಾವೆ ಎರಡನೆಯ ಆಕ್ಷೇಪಕ್ಕೂ ಉತ್ತರ. ಸುದ್ದಿ, ದೀಪ ಎಂದು ಹೊತ್ತು ಕಳೆಯುವ ಬದಲು ಪ್ರಾಣಿಯನ್ನೇ ದೂರ ಸಾಗಿಸಿಬಿಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ಮನೆ ಮುಂದೆ ಆನೆ ಕಂಡವರು ಹಾಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಮಾಡಿಯೂ ನೋಡಲಾಗಿದೆ. ಪುಣೆ ಜಿಲ್ಲೆಯ ಜುನ್ನರ್ ಸೀಮೆಯಲ್ಲಿ 2001ರಿಂದ 2003ರ ನಡುವೆ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಕಾಡಿಗೆ ಬಿಡಲಾಯಿತು. ಅದಕ್ಕೂ ಮೊದಲು ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ದಾಳಿಗಳು ಆ ಅವಧಿಯಲ್ಲಿ ಸುಮಾರು 17ಕ್ಕೆ ಏರಿದವು. ಚಿರತೆ ಬಿಟ್ಟ ಜಾಗಗಳ ಸುತ್ತಲೂ ದಾಳಿಗಳು ನಡೆದವು. ಶ್ರೀಲಂಕೆಯಲ್ಲಿ ರೇಡಿಯೊ ಕಾಲರ್ ತೊಡಿಸಿ ಸಾಗಿಸಿದ 12 ಗಂಡಾನೆಗಳನ್ನು ಹಿಂಬಾಲಿಸಿದ ಅಧ್ಯಯನವೂ 2012ರಲ್ಲಿ ಇದನ್ನೇ ಹೇಳಿತು: ಕೆಲವು ಬಂದ ದಾರಿ ಹುಡುಕಿ ಹಿಂದಿರುಗಿದವು, ಕೆಲವು ಅಲೆದಾಡಿದವು, ಒಟ್ಟಿನಲ್ಲಿ ಸಂಘರ್ಷ ಹೆಚ್ಚಿತು. ಅಂತರದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಅಚ್ಚರಿಯೇನಿಲ್ಲ. ಹುಟ್ಟಿ ಬೆಳೆದ ಜಾಗದಲ್ಲಿ ಪ್ರಾಣಿಗೆ ಜನರ ವೇಳಾಪಟ್ಟಿ ಗೊತ್ತಿರುತ್ತದೆ. ಯಾವ ಹಾದಿ ಯಾವಾಗ ಖಾಲಿ, ಯಾವ ಮನೆಯಲ್ಲಿ ನಾಯಿ ಇದೆ, ಅಡಗಲು ಪೊದೆ ಎಲ್ಲಿದೆ ಎಂಬುದೆಲ್ಲ ಅದರ ನೆನಪಿನಲ್ಲಿರುತ್ತದೆ. ಗುರುತಿಲ್ಲದ ಜಾಗದಲ್ಲಿ ಬಿಟ್ಟಾಗ ಆ ಎಲ್ಲ ತಿಳಿವಳಿಕೆಯೂ ಅಳಿಸಿಹೋಗಿ, ಅರಿಯದ ಸಾಮೀಪ್ಯದ ಸಂದರ್ಭಗಳು ಹೆಚ್ಚುತ್ತವೆ. ಅದು ಬಿಟ್ಟುಹೋದ ಜಾಗಕ್ಕೆ ಊರಿನ ಪರಿಚಯವಿಲ್ಲದ ಇನ್ನೊಂದು ಪ್ರಾಣಿ ಬಂದು ಸೇರುತ್ತದೆ.

ಮೂರನೆಯ ಆಕ್ಷೇಪ ಕಾಡನ್ನು ಪ್ರೀತಿಸುವವರದು. ನಡೆಯುವವರೆಲ್ಲ ಸದ್ದು ಮಾಡಿಕೊಂಡು ಹೋದರೆ ಕಾಡಿನ ಶಾಂತಿ ಕೆಡುವುದಿಲ್ಲವೇ, ಮನುಷ್ಯನ ಮಾತೇ ಅವುಗಳನ್ನು ಅಷ್ಟು ಬೆದರಿಸುವುದಾದರೆ ಮಾತಾಡುವುದೂ ಒಂದು ಹಿಂಸೆಯಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ, ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕ್ರೂಗರಿನ ಪ್ರಯೋಗವೇ ತೋರಿಸಿದಂತೆ, ಸುದ್ದಿ ಮುಟ್ಟಿಸಲು ಸಾಧಾರಣ ದನಿಯ ಮಾತು ಸಾಕು. ಮಲೆನಾಡಿನಲ್ಲಿ ಇನ್ನೊಬ್ಬರ ಮನೆಗೆ ಹೋಗುವವರು ಅಂಗಳದಿಂದಲೇ ಒಂದು ಕೂಗು ಹಾಕಿ ಒಳಗೆ ಹೋಗುವಂತೆ, ತಿರುವಿಗೆ ಮೊದಲು, ಹಳ್ಳಕ್ಕೆ ಇಳಿಯುವ ಮೊದಲು, ಪೊದೆ ಒತ್ತಿದ ಜಾಗದಲ್ಲಿ ಒಂದೆರಡು ಮಾತು ಆಡಿದರಾಯಿತು. ಸ್ಪೀಕರ್ ಹಚ್ಚಿಕೊಂಡು ಕುಣಿಯುತ್ತ ಹೋಗುವುದು, ಪಟಾಕಿ ಸಿಡಿಸುವುದು ಬೇರೆಯೇ ಸಂಗತಿ. ಅವು ಪ್ರಾಣಿಯನ್ನು ದಿಕ್ಕುಗೆಡಿಸಿ ಇನ್ನೊಬ್ಬರ ಹಾದಿಗೆ ಅಟ್ಟುತ್ತವೆ. ಸದ್ದಿಗಿಂತಲೂ ನೆರವಾಗುವುದು ಕ್ರಮ. ಗೊತ್ತುಪಡಿಸಿದ ಹಾದಿಯಲ್ಲಿ, ಗೊತ್ತಾದ ಹೊತ್ತಿನಲ್ಲಿ, ಮಿತವಾದ ಸಂಖ್ಯೆಯಲ್ಲಿ ಜನ ನಡೆದರೆ ಆ ಹಾದಿಯನ್ನು ಬಿಟ್ಟು ಉಳಿದ ಬೆಟ್ಟವೆಲ್ಲ ತನ್ನದು ಎಂಬುದನ್ನು ಪ್ರಾಣಿ ಕಲಿಯುತ್ತದೆ. ಚಾರಣಕ್ಕೆ ಅರಣ್ಯ ಇಲಾಖೆ ದಿನಕ್ಕಿಷ್ಟೇ ಜನ ಎಂದು ಮಿತಿ ಹಾಕಿರುವುದನ್ನು ಅಡಚಣೆ ಎಂದು ಬೇಸರಿಸುವವರು ಇದನ್ನು ಯೋಚಿಸಬೇಕು.

ಪ್ರಾಣಿ ಹೆದರಿ ದೂರ ಇರುವುದಕ್ಕಿಂತ ನಮಗೆ ಒಗ್ಗಿಕೊಂಡರೆ ಒಳ್ಳೆಯದಲ್ಲವೇ ಎಂಬುದು ಇದರದ್ದೇ ಇನ್ನೊಂದು ಮುಖ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನ ಈ ಪ್ರಶ್ನೆಗೆ ದುಬಾರಿ ಬೆಲೆ ತೆತ್ತು ಉತ್ತರ ಕಂಡುಕೊಂಡಿತು. ಅಲ್ಲಿ ದಶಕಗಳ ಕಾಲ ಪ್ರವಾಸಿಗರು ಕಾರಿನ ಕಿಟಕಿಯಿಂದ ಕರಡಿಗಳಿಗೆ ತಿನಿಸು ಕೊಡುತ್ತಿದ್ದರು. ಕರಡಿಗಳು ಕಸದ ಗುಂಡಿಗಳಲ್ಲಿ ಮೇಯುತ್ತಿದ್ದವು. 1931ರಿಂದ 1969ರವರೆಗೆ ಕರಡಿಗಳಿಂದ ಗಾಯಗೊಂಡವರ ಸಂಖ್ಯೆ ವರ್ಷಕ್ಕೆ ಸರಾಸರಿ 48. 1970ರ ಸುಮಾರಿಗೆ ಕಸದ ಗುಂಡಿಗಳನ್ನು ಮುಚ್ಚಿ, ತಿನಿಸು ಕೊಡುವುದನ್ನು ಕಟ್ಟುನಿಟ್ಟಾಗಿ ನಿಲ್ಲಿಸಿದ ಮೇಲಿನ ದಶಕಗಳಲ್ಲಿ ಅದು ವರ್ಷಕ್ಕೆ ಒಂದರ ಮಟ್ಟಕ್ಕೆ ಇಳಿಯಿತು. ತಿನಿಸು ಪ್ರಾಣಿಯ ಪಲಾಯನದ ಅಂತರವನ್ನು ಕರಗಿಸಿಬಿಡುತ್ತದೆ, ಆದರೆ ನಿರ್ಣಾಯಕ ಅಂತರ ಹಾಗೆಯೇ ಉಳಿಯುತ್ತದೆ. ಹೊರ ವರ್ತುಲವಿಲ್ಲದೆ ಒಳ ವರ್ತುಲ ಮಾತ್ರ ಉಳಿದ ಪ್ರಾಣಿ ಎಲ್ಲಕ್ಕಿಂತ ಅಪಾಯದ್ದು: ಅದು ಕೈಗೆಟುಕುವಷ್ಟು ಹತ್ತಿರ ಬಂದು, ಕ್ಷಣದಲ್ಲಿ ತಿರುಗಿಬೀಳುತ್ತದೆ. ಘಾಟಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಕೋತಿಗೆ ಬಾಳೆಹಣ್ಣು ಎಸೆಯುವವರೂ, ಕಾಡಂಚಿನ ಹೆದ್ದಾರಿಯಲ್ಲಿ ಇಳಿದು ಆನೆಯೊಂದಿಗೆ ಸೆಲ್ಫಿ ತೆಗೆದುಕೊಳ್ಳುವವರೂ ಮಾಡುತ್ತಿರುವುದು ಈ ಕೆಲಸವನ್ನೇ. ಅದರ ಬೆಲೆಯನ್ನು ತೆರುವವರು ಬಹಳ ಸಲ ಅವರಲ್ಲ, ಅದೇ ರಸ್ತೆಯಲ್ಲಿ ಮರುದಿನ ನಡೆದು ಹೋಗುವ ಊರಿನವರು.

ಸುದ್ದಿ ಮುಟ್ಟಿಸುವ ಉಪಾಯಕ್ಕೆ ಒಂದು ಮಿತಿಯಿದೆ, ಅದನ್ನೂ ಹೇಳಬೇಕು. ಓಡಿಹೋಗುವುದಕ್ಕಿಂತ ಕದಲದೆ ಬಿದ್ದಿರುವುದನ್ನೇ ರಕ್ಷಣೆಯಾಗಿ ಮಾಡಿಕೊಂಡ ಪ್ರಾಣಿಗಳ ವಿಷಯದಲ್ಲಿ ನಮ್ಮ ಸದ್ದು ಕೆಲಸ ಮಾಡುವುದಿಲ್ಲ. ಹೆಜ್ಜೆ ಸಪ್ಪಳ ಕೇಳಿದರೆ ಎಲ್ಲ ಹಾವೂ ಸರಿದುಹೋಗುತ್ತದೆ ಎಂಬ ನಂಬಿಕೆ ಕಾಳಿಂಗಕ್ಕೆ ಹೆಚ್ಚುಕಡಿಮೆ ಸರಿ. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ವಿಜ್ಞಾನಿಗಳು ಅದಕ್ಕೆ ನಮ್ಮ ಕನ್ನಡದ ಹೆಸರನ್ನೇ ಕೊಟ್ಟರು. ಅಷ್ಟು ಉದ್ದದ ಆ ಹಾವು ಮನುಷ್ಯನನ್ನು ಕಂಡರೆ ದಾರಿ ಬಿಡುತ್ತದೆ, ಮೂಲೆಗೆ ಒತ್ತಿದರೆ ಹೆಡೆಯೆತ್ತಿ ಗುರುಗುಟ್ಟಿ ಎಚ್ಚರಿಸುತ್ತದೆ. ಆದರೆ ತರಗೆಲೆಯ ಬಣ್ಣದ ಮಂಡಲದ ಹಾವುಗಳು ಕಾಲು ಮೇಲೆ ಬೀಳುವವರೆಗೂ ಅಲುಗುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂಬುದು 2000ದಿಂದ 2019ರವರೆಗಿನ ಅಂದಾಜು. ಆನೆಗಳಿಂದ ಸಾಯುವವರು ವರ್ಷಕ್ಕೆ 500ರ ಆಸುಪಾಸು. ಘಟ್ಟದಲ್ಲಿರುವ ಗೂನುಮೂಗಿನ ಮಂಡಲದ ವಿಷಕ್ಕೆ ನಮ್ಮ ಆಸ್ಪತ್ರೆಗಳ ಸಾಮಾನ್ಯ ಪ್ರತಿವಿಷ ತಯಾರಾದದ್ದೂ ಅಲ್ಲ. ಇಲ್ಲಿ ಅರಿವು ಒಂದೇ ಕಡೆಯಿಂದ, ನಮ್ಮ ಕಡೆಯಿಂದ ಬರಬೇಕು: ಕೈಯಲ್ಲಿ ಟಾರ್ಚು, ಕಾಲಿಗೆ ಗಂಬೂಟು, ಕೈಯಿಡುವ ಮೊದಲು ಕಣ್ಣಿಡುವ ಅಭ್ಯಾಸ. ಉಪಾಯ ಬೇರೆಯಾದರೂ ತತ್ವ ಅದೇ.

ಉಳಿದಿರುವುದು ಎಲ್ಲಕ್ಕಿಂತ ಭಾರದ ಆಕ್ಷೇಪ. ಗಾಳಿಯ ದಿಕ್ಕು ನೋಡಿ, ಹೊತ್ತು ಕಂತುವ ಮೊದಲು ಮನೆ ಸೇರಿ ಎಂದು ಹೇಳುವುದು ಸುಲಭ. ಚಾರಣಿಗ ಮನಸ್ಸು ಮಾಡಿದರೆ ಆ ದಿನ ಹೋಗದೆಯೇ ಇರಬಹುದು. ತೋಟದ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಆ ಆಯ್ಕೆ ಇದೆಯೇ? ಕೆಲಸ ಬಿಡುವ ಹೊತ್ತೇ ಮಬ್ಬುಗತ್ತಲು. ಬಸ್ಸು ಇಳಿದು ಮನೆಗೆ ಎರಡು ಕಿಲೋಮೀಟರ್. ಮನೆಯಲ್ಲಿ ಶೌಚಾಲಯವಿಲ್ಲದಿದ್ದರೆ ನಸುಕಿನಲ್ಲೇ ಹೊರಗೆ ಹೋಗಬೇಕು. ಎಚ್ಚರಿಕೆ ಎಂಬುದನ್ನು ವ್ಯಕ್ತಿಯ ಜವಾಬ್ದಾರಿ ಎಂದಷ್ಟೇ ಹೇಳಿ ಮುಗಿಸಿದರೆ ಸತ್ತವರ ತಲೆಗೇ ತಪ್ಪು ಕಟ್ಟಿದಂತಾಗುತ್ತದೆ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದು ಈ ವಾದವನ್ನು ಮುರಿಯುವುದಿಲ್ಲ, ಮುಂದಕ್ಕೆ ಒಯ್ಯುತ್ತದೆ. ಅರಿವಿನ ಕೊರತೆಯೇ ಕೊಲ್ಲುತ್ತಿದೆ ಎಂದಾದರೆ ಅರಿವು ಕೊಡುವುದು ಕುಡಿಯುವ ನೀರಿನಂತೆ ಸಾರ್ವಜನಿಕ ಸೇವೆಯಾಗಬೇಕು. ಆನೆ ಎಲ್ಲಿದೆ ಎಂಬ ಸುದ್ದಿ ಸಂಜೆಯೊಳಗೆ ಪ್ರತಿ ಲೈನ್ ಮನೆಗೂ ತಲುಪಬೇಕು. ಬಸ್ಸು ತೋಟದ ಗೇಟಿನವರೆಗೆ ಬರಬೇಕು. ಹಾದಿಯ ಎರಡೂ ಮಗ್ಗುಲ ಹಳು ಸವರಿ ನೋಟ ತೆರವು ಮಾಡಿರಬೇಕು. ಆನೆ ಬಂದ ದಿನ ಕೆಲಸ ತಡವಾಗಿ ಶುರು ಮಾಡಿದರೆ ಕೂಲಿ ಕಡಿಯಬಾರದು. ಪ್ರತಿ ಮನೆಗೆ ಶೌಚಾಲಯ, ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷ ಇರಬೇಕು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಲೆಕ್ಕ ಸಿಕ್ಕಮೇಲೆ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಇವು ಯಾವುವೂ ದೊಡ್ಡ ಕಂದಕ, ಕಂಬಿಬೇಲಿಗಳಷ್ಟು ಖರ್ಚಿನವಲ್ಲ.

ಬೆಟ್ಟಕ್ಕೆ ಹೋಗುವ ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು. ಕಿವಿಯಿಂದ ಇಯರ್‌ಫೋನ್ ತೆಗೆಯಿರಿ. ನಾಯಿಯನ್ನು ಜೊತೆಗೆ ಒಯ್ಯಬೇಡಿ. ಅಕೋಲೆಯ ಚಿರತೆಗಳ ಆಹಾರದಲ್ಲಿ ದೊಡ್ಡ ಪಾಲು ನಾಯಿಗಳದೇ ಆಗಿತ್ತು. ಇಳಿಯುವಾಗ ಹತ್ತುವಾಗಿನದಕ್ಕಿಂತ ಹೆಚ್ಚು ಎಚ್ಚರವಾಗಿರಿ, ತಿರುವಿನಲ್ಲಿ ಮಾತಾಡಿ, ಗುಂಪಿನಿಂದ ಒಬ್ಬರೇ ಮುಂದೆ ಓಡಬೇಡಿ. ಚಿರತೆ, ಕರಡಿ ಕಂಡರೆ ಬೆನ್ನು ತೋರಿಸಿ ಓಡದೆ, ಮುಖ ಅದರ ಕಡೆಗಿಟ್ಟೇ ನಿಧಾನ ಹಿಂದೆ ಸರಿಯಿರಿ, ಅದಕ್ಕೆ ಹೋಗಲು ದಾರಿ ಬಿಡಿ. ಆನೆ ಕಿವಿ ಅಗಲಿಸಿ ಸೊಂಡಿಲೆತ್ತಿ ಗಾಳಿ ಮೂಸುತ್ತಿದ್ದರೆ ಅದು ನಿಮ್ಮನ್ನು ಗುರುತಿಸುತ್ತಿದೆ ಎಂದು ತಿಳಿದು, ಫೋಟೊ ಆಸೆ ಬಿಟ್ಟು ದೂರವಾಗಿರಿ. ನೀವು ನಡೆಯುವ ಹಾದಿಯ ಊರಿನವರು ಇವತ್ತು ಆ ಕಡೆ ಬೇಡ ಎಂದರೆ ವಾದಿಸದೆ ಹಿಂದಿರುಗಿ. ಆ ಬೆಟ್ಟದ ಅಂದಿನ ಸುದ್ದಿ ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಇನ್ನು ಮತ ಕೇಳಿಕೊಂಡು ಬರುವವರನ್ನು ಆನೆ ಯಾವಾಗ ಹಿಡಿಸುತ್ತೀರಿ ಎಂದು ಕೇಳುವ ಬದಲು, ಎಚ್ಚರಿಕೆಯ ದೀಪ ಯಾವಾಗ ಹಾಕಿಸುತ್ತೀರಿ, ಬಸ್ಸು ಯಾವಾಗ ಬಿಡುತ್ತೀರಿ ಎಂದು ಕೇಳಿ. ಜೀವ ಉಳಿಸುವ ಪ್ರಶ್ನೆ ಅದು.